ಹುಲಿಗೆ ರಸೀದಿ ಮುಟ್ಟಿಲ್ರೀ

ದಾಂಡೇಲಿ ಹತ್ತಿರದ ಫಣಸೋಲಿ. ಸಫಾರಿ ಜೀಪಿನಲ್ಲಿ ಹುಬ್ಬಳ್ಳಿ ಸಾಹುಕಾರರು.

"ಹುಲಿ ಎಲ್ಲೈತೋ ತಮ್ಮಾ? ರೊಕ್ಕ ಕೊಟ್ಟೇನಿ."

"ಹುಲಿಗೆ ಇನ್ನೂ ರಸೀದಿ ಮುಟ್ಟಿಲ್ರೀ ಸಾವ್ಕಾರ್ರ."

"ಹಾರ್ನ್ ಹೊಡಿ, ಎದ್ದು ಬರ್ತೈತಿ."

"ರಾತ್ರಿ ನಿಮ್ಮ ರೆಸಾರ್ಟಿನ ಡಿಜೆಗೆ ಎದ್ದದ್ದು ಇನ್ನೂ ಮಲಗಿಲ್ರೀ."

"ಹೋಗ್ಲಿ, ಆ ಮಂಗಟ್ಟೆ ಹಕ್ಕಿ ಜೋಡಿ ಸೆಲ್ಫಿ?"

"ಹೆಣ್ಣು ಪೊಟರೆ ಬಾಗಿಲು ಮುಚ್ಕೊಂಡು ಮೊಟ್ಟಿ ಮ್ಯಾಲ ಕುಂತೈತ್ರೀ. ಗಂಡು ಸಂದಿಯಿಂದ ಹಣ್ಣು ಉಣಸಬೇಕು. ನೀವು ನಿಂತ್ರ ಅದು ಬರಂಗಿಲ್ಲ, ಒಳಗ ಉಪವಾಸ."

"ಎರಡ ನಿಮಿಷ ಅಷ್ಟ!"

"ಹಿಂದ ಇನ್ನೂ ಜೀಪು ಬರಾಕತ್ತಾವ್ರೀ. ಎಲ್ಲಾರ್ದೂ ಎರಡ ನಿಮಿಷ."

"ಬೋರ್ಡಿನ್ಯಾಗ ಏನ್ ಬರದಾರ?"

"ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2015ರಿಂದ ಅದ ಹೆಸರು. ಯಾರಿಂದ ಸಂರಕ್ಷಣೆ ಅಂತ ಬರದಿಲ್ಲ ನೋಡ್ರಿ."

ಮಂಗಟ್ಟೆಯ ಬಾಣಂತನ, ನಮ್ಮ ಬೇಸಿಗೆ ರಜೆ, ಎರಡೂ ಒಂದೇ ಹಂಗಾಮಿಗೆ ಬೀಳುತ್ತವೆ. ಕೋಣೆ ಕಾಯ್ದಿರಿಸುವಾಗ ಡಿಜೆ ಬೇಡವೆಂದು ಹೇಳಿಬಿಡಿ.