ಹತ್ತಿರ ಬನ್ನಿ, ಒಂದು ವಿಷಯ

ಊರಿಗೊಬ್ಬಳೇ ಪದ್ಮಾವತಿ ಅನ್ನುತ್ತಾರೆ. ಬಡಾವಣೆಗೊಬ್ಬರು ಗುಟ್ಟಿನ ರಾಯರು ಇರುತ್ತಾರೆ ಅನ್ನುವುದು ಯಾಕೋ ಗಾದೆಗೆ ಸೇರಿಲ್ಲ. ಕೆಲವು ಕಡೆ ಇವರು ಗೌಡರು, ಕೆಲವು ಕಡೆ ಶೆಟ್ಟರು, ಇನ್ನು ಕೆಲವು ಕಡೆ ಮೇಷ್ಟ್ರು. ನಮ್ಮ ಮೈಸೂರಿನ ಬಡಾವಣೆಯಲ್ಲಿ ರಾಯರು. ಹೆಸರು ಯಾವುದಾದರೂ ಲಕ್ಷಣ ಎರಡೇ. ಇವರ ಬಳಿ ಸದಾ ಒಂದು ಗುಟ್ಟಿರುತ್ತದೆ. ಆ ಗುಟ್ಟನ್ನು ನಿಮ್ಮ ಮುಖದಿಂದ ನಾಲ್ಕು ಬೆರಳು ದೂರದಲ್ಲಿ ನಿಂತಲ್ಲದೆ ಇವರು ಹೇಳಲಾರರು.

ಗುಟ್ಟು ಎಂಥದ್ದು ಎಂದು ಕೇಳಬೇಡಿ. 'ನಾಳೆ ನೀರು ಬರಲ್ವಂತೆ.' ಅದು ಬೆಳಗಿನ ಪೇಪರಿನಲ್ಲೇ ಬಂದಿರುತ್ತದೆ. 'ಈ ಸಲ ಮಾವು ಕಮ್ಮಿಯಂತೆ.' ಅದನ್ನು ತಳ್ಳುಗಾಡಿಯವನು ಮೈಕಿನಲ್ಲಿ ಕೂಗಿ ಹೋಗಿರುತ್ತಾನೆ. ಆದರೂ ರಾಯರು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ನಿಮ್ಮ ಮೊಣಕೈಯನ್ನು ಭದ್ರವಾಗಿ ಹಿಡಿದು, ಬಾಯಿ ತೆರೆಯುತ್ತಾರೆ. ಮೂಗು ಹಿಡಿದರೆ ಬಾಯಿ ತಾನಾಗಿ ಬಿಡುತ್ತದೆ ಎಂದರು ಹಿರಿಯರು. ಇಲ್ಲಿ ಕ್ರಮ ತಿರುಗುಮುರುಗು. ರಾಯರು ಬಾಯಿ ಬಿಟ್ಟ ಮೇಲೆ ನಾವು ಮೂಗು ಹಿಡಿಯಬೇಕು, ಅದೂ ಅವರಿಗೆ ಕಾಣದ ಹಾಗೆ. ನೀವು ಒಂದು ಹೆಜ್ಜೆ ಹಿಂದೆ ಸರಿದರೆ ಅವರು ಒಂದು ಹೆಜ್ಜೆ ಮುಂದೆ. ಪಾರ್ಕಿನ ಗೇಟಿನಲ್ಲಿ ಶುರುವಾದ ಮಾತು ಹೀಗೆ ಸರಿಯುತ್ತ ಸರಿಯುತ್ತ ಬೇವಿನ ಮರದ ಬುಡದಲ್ಲಿ ಮುಗಿಯುತ್ತದೆ. ಮರ ಹಿಂದೆ ಸರಿಯುವುದಿಲ್ಲವಲ್ಲ.

ರಾಯರ ಉಸಿರಿಗೆ ವೇಳಾಪಟ್ಟಿಯಿದೆ. ಬೆಳಗಿನ ವಾಕಿಂಗಿನದು ಅತಿ ಪ್ರಬಲ. ಜೊಲ್ಲು ನಮ್ಮ ಬಾಯಿಯ ಪೌರಕಾರ್ಮಿಕ. ಹಗಲೆಲ್ಲ ಗುಡಿಸಿ ತೊಳೆದು, ರಾತ್ರಿ ಅರ್ಧ ರಜೆ ಹಾಕುತ್ತದೆ. ಬಾಯಿ ತೆರೆದು ಗೊರಕೆ ಹೊಡೆಯುವವರಲ್ಲಿ ಪೂರ್ತಿ ರಜೆಯೇ. ಆಗ ನಾಲಿಗೆಯ ಹಿಂಭಾಗದಲ್ಲಿ, ಹಲ್ಲಿನ ಸಂದಿಯಲ್ಲಿ, ಗಾಳಿಯಾಡದ ಕಡೆ ಬಿಡಾರ ಹೂಡಿದ ಬ್ಯಾಕ್ಟೀರಿಯಾಗಳು ಅನ್ನದ ಅಗುಳು, ಉದುರಿದ ಜೀವಕೋಶ ಎಲ್ಲವನ್ನೂ ಕೊಳೆಸುತ್ತ ಕೂರುತ್ತವೆ. ಅಲ್ಲಿಂದ ಹೊರಡುವುದು ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೈಲ್ ಮರ್ಕಾಪ್ಟನ್. ಮೊದಲನೆಯದಕ್ಕೆ ಕೊಳೆತ ಮೊಟ್ಟೆಯ ವಾಸನೆ, ಎರಡನೆಯದಕ್ಕೆ ಕೊಳೆತ ಕೋಸಿನ ವಾಸನೆ. ಗ್ಯಾಸ್ ಸೋರಿದರೆ ಗೊತ್ತಾಗಲೆಂದು ಅಡುಗೆ ಸಿಲಿಂಡರಿಗೆ ಬೆರೆಸುವ ಇಥೈಲ್ ಮರ್ಕಾಪ್ಟನ್ ಈ ಎರಡನೆಯದರ ದಾಯಾದಿ. ರಾಯರು ಕಾಫಿ ಕುಡಿದು ಹೋದ ಮೇಲೆ ಎದುರುಮನೆಯಾಕೆ ರೆಗ್ಯುಲೇಟರ್ ಮುಟ್ಟಿ ನೋಡಿಕೊಂಡದ್ದು ಸುಮ್ಮನೆ ಅಲ್ಲ.

ಮಧ್ಯಾಹ್ನ ಪರವಾಗಿಲ್ಲ. ಅಗಿದು ಉಂಡ ಊಟ ನಾಲಿಗೆಯನ್ನು ಅಷ್ಟಿಷ್ಟು ಉಜ್ಜಿರುತ್ತದೆ, ಜೊಲ್ಲೂ ಹರಿದಿರುತ್ತದೆ. ಸಂಜೆ ಮಾತ್ರ ಹೇಳಲಾಗದು. ಮನೆಯೊಳಗೆ ಬೆಳ್ಳುಳ್ಳಿಯ ಸಿಪ್ಪೆಯನ್ನೂ ಸೇರಿಸದ ರಾಯರು ಸರ್ಕಲ್ಲಿನ ಗಾಡಿಯಲ್ಲಿ ಗೋಬಿ ಮಂಚೂರಿ ತಿನ್ನುತ್ತಾರೆ. ಅವರ ಬಳಿ ಇರುವ ನಿಜವಾದ ಗುಟ್ಟು ಇದೊಂದೇ, ಮುಚ್ಚಿಡಲಾಗದ್ದೂ ಇದೊಂದೇ. ಬೆಳ್ಳುಳ್ಳಿಯ ಗಂಧಕದ ಅಂಶ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ ಹೋಗಿ ಉಸಿರಿನಲ್ಲೇ ಹೊರಬರುತ್ತದೆ. ಹಲ್ಲುಜ್ಜಿದರೂ, ಬಾಯಿ ಮುಕ್ಕಳಿಸಿದರೂ, ಮನೆಯಾಕೆಗೆ 'ದೇವಸ್ಥಾನಕ್ಕೆ ಹೋಗಿದ್ದೆ' ಅಂದರೂ ಮಾರನೆಯ ದಿನದವರೆಗೆ ಶ್ವಾಸಕೋಶ ಸಾಕ್ಷಿ ಹೇಳುತ್ತಲೇ ಇರುತ್ತದೆ.

ಇನ್ನು ಏಕಾದಶಿ. ನಿರಾಹಾರವೆಂದರೆ ಅಗಿಯುವ ಕೆಲಸವಿಲ್ಲ, ಬಾಯಿ ಒಣಗುತ್ತದೆ. ಜೊತೆಗೆ ಅನ್ನ ಸಿಗದ ದೇಹ ಕೊಬ್ಬನ್ನು ಉರಿಸಲು ಹೊರಡುತ್ತದೆ. ಉಸಿರಿಗೆ ಉಗುರುಬಣ್ಣ ಅಳಿಸುವ ಅಸಿಟೋನಿನ ಸಣ್ಣ ಸೋಂಕು ತಗಲುತ್ತದೆ. ಉಪವಾಸ ಅವರದು, ಪ್ರಾಯಶ್ಚಿತ್ತ ನಮ್ಮದು.

ಹಾಗಾದರೆ ಯಾರಾದರೂ ಹೇಳಬಾರದೇ? ಪ್ರಯತ್ನ ನಡೆದಿಲ್ಲವೆಂದಲ್ಲ. ಒಬ್ಬರು ಏಲಕ್ಕಿ ಕೊಟ್ಟರು. 'ಪಾಯಸಕ್ಕೆ ಇಟ್ಕೊಳ್ಳಿ' ಎಂದು ರಾಯರು ಹಿಂದಿರುಗಿಸಿದರು. ಇನ್ನೊಬ್ಬರು ಪೆಪ್ಪರ್‌ಮಿಂಟ್ ಚಾಚಿದರು. 'ನಂಗೆ ಷುಗರ್ ಅಲ್ವೇ?' ಎಂದರು. ಕೊನೆಗೆ ನಿವಾಸಿಗಳ ಸಂಘದವರು ರಾಯರೊಬ್ಬರಿಗಾಗಿ ಶಾಮಿಯಾನ ಹಾಕಿಸಿ, ದಂತವೈದ್ಯರನ್ನು ಕರೆಸಿ, 'ಬಾಯಿಯ ಆರೋಗ್ಯ' ಎಂಬ ಉಪನ್ಯಾಸವನ್ನೇ ಏರ್ಪಡಿಸಿದರು. ರಾಯರು ಮೊದಲ ಸಾಲಿನಲ್ಲಿ ಕೂತು ತಲೆದೂಗಿದರು, ವಂದನಾರ್ಪಣೆಯನ್ನೂ ಮಾಡಿದರು. ಆಮೇಲೆ ಒಬ್ಬೊಬ್ಬರ ಮೊಣಕೈಯನ್ನೂ ಹಿಡಿದು, ನಾಲ್ಕು ಬೆರಳು ದೂರದಿಂದ, 'ಪಾಪ, ಹಿಂದಿನ ಬೀದಿ ಮೇಷ್ಟ್ರಿಗೆ ಇದು ಬೇಕಾಗಿತ್ತು ನೋಡಿ' ಎಂದರು.

ರಾಯರದು ನಟನೆಯಲ್ಲ. ದಿನವಿಡೀ ಇರುವ ವಾಸನೆಯನ್ನು ಮೂಗು ಗಮನಿಸುವುದನ್ನೇ ಬಿಡುತ್ತದೆ. ಸಂಶಯ ಬಂದ ದಿನ ಅವರು ಅಂಗೈಗೆ ಊದಿ ಮೂಸಿಯೂ ನೋಡಿದ್ದಾರೆ. ಬಂದದ್ದು ಮೈಸೂರು ಸ್ಯಾಂಡಲ್ ಸೋಪಿನ ಪರಿಮಳ. ಆಮೇಲೆ ಅವರ ಆತ್ಮವಿಶ್ವಾಸ ಇಮ್ಮಡಿಯಾಯಿತು. ಮಣಿಕಟ್ಟಿನ ಒಳಭಾಗವನ್ನು ನೆಕ್ಕಿ, ಆರಲು ಬಿಟ್ಟು, ಮೂಸಿದ್ದರೆ ಸತ್ಯಕ್ಕೆ ಇನ್ನಷ್ಟು ಸಮೀಪ ಬರುತ್ತಿದ್ದರು. 2020ರಲ್ಲಿ ಮಾಸ್ಕ್ ಬಂದಾಗ ಜಗತ್ತಿನ ಎಷ್ಟೋ ಜನಕ್ಕೆ ತಮ್ಮ ಉಸಿರಿನ ಮುಖಪರಿಚಯವಾಯಿತು. ಬಡಾವಣೆಯೂ ಆಸೆಯಿಂದ ಕಾದಿತ್ತು. ರಾಯರು ಮಾಸ್ಕನ್ನು ಗಲ್ಲಕ್ಕೆ ಹಾಕಿಕೊಂಡೇ ಆ ಕಾಲ ಕಳೆದರು. ಗುಟ್ಟನ್ನು ಬಟ್ಟೆಯ ಮೂಲಕ ಹೇಳಲಾಗುವುದಿಲ್ಲವಂತೆ.

ಮುಖಕ್ಕೆ ಹೇಳಲಾರದ ಈ ದಾಕ್ಷಿಣ್ಯ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಸೇಂಟ್ ಲೂಯಿಯಲ್ಲಿ 1879ರಲ್ಲಿ ಹುಟ್ಟಿದ ಲಿಸ್ಟರಿನ್ ಮೊದಲಿಗೆ ಶಸ್ತ್ರಚಿಕಿತ್ಸೆಯ ಕ್ರಿಮಿನಾಶಕ. ಡಾಕ್ಟರ್ ಜೋಸೆಫ್ ಲಿಸ್ಟರ್ ಅವರ ಹೆಸರನ್ನೇ ಹೊತ್ತದ್ದು. 1920ರ ದಶಕದಲ್ಲಿ ಅದರ ಮಾಲೀಕರು ಬಾಯಿವಾಸನೆಗೆ ಹ್ಯಾಲಿಟೋಸಿಸ್ ಎಂಬ ಘನವಾದ ಹೆಸರನ್ನು ಮುಂದಿಟ್ಟು, ನಿಮಗಿದು ಇದ್ದರೂ ಆಪ್ತರೇ ಹೇಳಲಾರರು ಎಂದು ಜಾಹೀರಾತುಗಳಲ್ಲಿ ಹೆದರಿಸತೊಡಗಿದರು. ವ್ಯಾಪಾರ ಭರ್ಜರಿಯಾಯಿತು. ಸ್ನೇಹಿತರ ಮೌನವನ್ನೇ ಬಾಟಲಿಗೆ ತುಂಬಿ ಮಾರಿದ ಜಾಣರು ಅವರು. ನಮ್ಮಲ್ಲಿ ಅದೇ ಮೌನ ಪುಕ್ಕಟೆ ಸಿಗುತ್ತದೆ.

ರಾಯರಿಗೆ ಸತ್ಯ ತಿಳಿದದ್ದು ಒಂದು ದವಡೆ ಹಲ್ಲಿನ ಕೃಪೆಯಿಂದ. ಅದು ಅಲ್ಲಾಡತೊಡಗಿತು. ದಂತವೈದ್ಯರ ಬಳಿ ಹೋದವರು ಅಭ್ಯಾಸಬಲದಿಂದ ಅವರ ಮೊಣಕೈಯನ್ನೂ ಹಿಡಿದು, 'ಡಾಕ್ಟ್ರೇ, ಒಂದು ವಿಷಯ' ಎಂದರು. ಡಾಕ್ಟರು ಹಿಂದೆ ಸರಿಯಲಿಲ್ಲ. ಅಂಥ ಉಸಿರನ್ನು ಮೂಸಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಪದ್ಧತಿಯೇ ಅವರ ವಿದ್ಯೆಯಲ್ಲಿದೆ. ಮೂಸಿದರು. 'ನಿಮಗೆ ಬಾಯಿವಾಸನೆ ಇದೆ' ಎಂದರು. ಮದುವೆಯಾದ ಹೆಂಡತಿ, ಹೆತ್ತ ಮಕ್ಕಳು, ಒಂದೇ ಟೇಬಲಿನಲ್ಲಿ ಕೂತ ಗುಮಾಸ್ತರು ಯಾರೂ ಹೇಳದ ಮಾತನ್ನು ಹೇಳಿದವರು ಅದಕ್ಕೆ ಫೀಸು ತೆಗೆದುಕೊಂಡರು.

'ಅದು ಹೊಟ್ಟೆಯ ಉಷ್ಣ ಡಾಕ್ಟ್ರೇ' ಎಂದರು ರಾಯರು. ಡಾಕ್ಟರು ಒಪ್ಪಲಿಲ್ಲ. ಅನ್ನನಾಳದ ಬಾಗಿಲು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ತೇಗಿದಾಗಲಷ್ಟೇ ಹೊಟ್ಟೆಯ ಸುದ್ದಿ ಮೇಲೆ ಬರುತ್ತದೆ. ಹತ್ತರಲ್ಲಿ ಎಂಟು ಒಂಬತ್ತು ಪಾಲು ವಾಸನೆ ಬಾಯಿಯಲ್ಲೇ ಹುಟ್ಟುತ್ತದೆ. ರಾಯರ ವಿಷಯದಲ್ಲಿ ವಸಡಿನ ಪಯೋರಿಯಾ, ಹಲ್ಲಿನ ಬುಡದ ಕಿಟ್ಟ, ಮತ್ತು ಆಯುಷ್ಯದಲ್ಲಿ ಎಂದೂ ಮುಟ್ಟದ ನಾಲಿಗೆಯ ಹಿಂಭಾಗ. ರಾಯರಿಗೆ ಇದು ಅವಮಾನ. ಬೆಳಗ್ಗೆ ಅವರು ನಾಲಿಗೆ ಕೆರೆಯುವಾಗ ಹೊರಡುವ 'ಆಕ್' ಶಬ್ದಕ್ಕೆ ಪಕ್ಕದ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಶಬ್ದವೆಲ್ಲ ಗಂಟಲಿನದು, ಕೆರೆತ ನಾಲಿಗೆಯ ತುದಿಯದು ಎಂದು ಆಗ ಬೆಳಕಾಯಿತು.

ಚಿಕಿತ್ಸೆಯಲ್ಲಿ ಪವಾಡವೇನೂ ಇರಲಿಲ್ಲ. ಕಿಟ್ಟ ತೆಗೆಸುವುದು, ದಿನಕ್ಕೆರಡು ಸಲ ಬ್ರಷ್ಷು, ಹಲ್ಲಿನ ಸಂದಿಗೆ ದಾರ, ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಕೆರೆಯುವುದು, ಆಗಾಗ ನೀರು. ಕ್ಲೋರ್‌ಹೆಕ್ಸಿಡಿನ್ ಬಾಯಿತೊಳೆಯುವ ಔಷಧಿಯನ್ನು ಹೇಳಿದಷ್ಟು ದಿನ ಮಾತ್ರ. ಬಹಳ ದಿನ ಬಳಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. ಏಲಕ್ಕಿ, ಲವಂಗ, ಸೋಂಪು ವಾಸನೆಗೆ ಮುಸುಕು ಹಾಕುತ್ತವೆ, ಮೂಲಕ್ಕೆ ಕೈಹಾಕುವುದಿಲ್ಲ. ಸಕ್ಕರೆಯ ಪೆಪ್ಪರ್‌ಮಿಂಟಂತೂ ಬ್ಯಾಕ್ಟೀರಿಯಾಗಳಿಗೆ ಮಾಡಿದ ಸತ್ಕಾರ. ಬಾಯಿ ಸ್ವಚ್ಛವಾದರೂ ವಾಸನೆ ಹೋಗದಿದ್ದರೆ ಟಾನ್ಸಿಲ್, ಸೈನಸ್, ಸಕ್ಕರೆ ಕಾಯಿಲೆ, ಮೂತ್ರಪಿಂಡ ಇವನ್ನು ನೋಡಿಸಬೇಕು ಎಂದೂ ಡಾಕ್ಟರು ಸೇರಿಸಿದರು. ಅದು ಅವರು ಮಾಡಿದ ಏಕೈಕ ತಪ್ಪು.

ವಾಸನೆ ಹೋಯಿತು. ನಾಲ್ಕು ಬೆರಳಿನ ದೂರ ಹೋಗಲಿಲ್ಲ. ಬದಲಿಗೆ ರಾಯರಿಗೆ ಈಗ ಹೊಸ ವಿದ್ಯೆ ಸಿಕ್ಕಿದೆ. ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆಯ ನಾಲಿಗೆ ಕೆರೆಯುವ ಸಾಧನ ಚರಕಸಂಹಿತೆಯಲ್ಲೇ ಇದೆ ಎಂದು ಯಾರೋ ಹೇಳಿದ್ದೇ ತಡ, ತಾಮ್ರದ್ದೊಂದನ್ನು ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡಿದ್ದಾರೆ. ಚಿನ್ನದ್ದು ಸೊಸೆ ಮಾಡಿಸಿಕೊಡಲಿಲ್ಲವಂತೆ, ಅದೂ ಗುಟ್ಟೇ. ಮೊದಲು ಬಾಯಿ ತೆರೆಯುತ್ತಿದ್ದವರು ಅವರು. ಈಗ ನಮ್ಮಿಂದ ತೆರೆಸುತ್ತಾರೆ. 'ಒಂದು ಸಲ ಹಾ ಅನ್ನಿ.' ಅಂದೆವೋ, ತೀರ್ಪು ತಕ್ಷಣ. 'ಹಿಂದಿನ ನಾಲಿಗೆ ನೋಡ್ಕೊಳ್ಳಿ.' 'ರಾತ್ರಿ ಬಾಯಿ ತೆರ್ಕೊಂಡ್ ಮಲಗ್ತೀರಾ.' 'ಹಣ್ಣಿನ ಥರ ವಾಸನೆ, ಷುಗರ್ ಟೆಸ್ಟ್ ಮಾಡಿಸಿ.' ಬ್ಯಾಂಕ್ ಮ್ಯಾನೇಜರಿಗೆ ಮೂತ್ರಪಿಂಡ ತೋರಿಸಲು ಸೂಚಿಸಿದರು. ಅವರು ಅವತ್ತು ತಿಂದದ್ದು ಮೂಲಂಗಿ ಹುಳಿ. ಹಿಂದಿನ ಬೀದಿಯ ಮೇಷ್ಟ್ರಿಗೆ ಮಾತ್ರ, ಎಷ್ಟು ಮೂಸಿದರೂ, ಏನೂ ಸಿಗಲಿಲ್ಲ. ರಾಯರು ಬೇಸರದಿಂದ, 'ಇವರದು ಒಳಗೇ ಇದೆ' ಎಂದರು.

ಬಡಾವಣೆ ಬದಲಾಗಿದೆ. ಜನ ಕೈಯನ್ನು ಬಾಯಿಗೆ ಅಡ್ಡ ಹಿಡಿದೇ 'ನಮಸ್ಕಾರ' ಅನ್ನುತ್ತಾರೆ. ಅರ್ಧ ಬಡಾವಣೆ ಕದ್ದು ಹೋಗಿ ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದಿದೆ. ಇಲ್ಲದ ವಾಸನೆಯನ್ನು ಇದೆಯೆಂದು ನಂಬಿ ಕೊರಗುವ ಒಂದು ಮನೋವ್ಯಾಧಿಯೂ ಉಂಟು. ಇಬ್ಬರಿಗೆ ಅದರ ಲಕ್ಷಣ ಕಾಣಿಸಿದೆ. ಮೊದಲು ರಾಯರ ಬಾಯಿಗೆ ಹೆದರುತ್ತಿದ್ದವರು ಈಗ ತಮ್ಮ ತಮ್ಮ ಬಾಯಿಗೇ ಹೆದರುತ್ತಾರೆ. ಅವತ್ತು ಸಹಿಸಿಕೊಂಡಿದ್ದೆವು, ಇದನ್ನು ಮಾತ್ರ ಸಹಿಸಲಾಗದು ಎಂಬುದು ಸರ್ವಾನುಮತದ ಅಭಿಪ್ರಾಯ. ಇನ್ನೊಬ್ಬರ ಮುಖಕ್ಕೆ ಹೊಡೆದ ಹಾಗೆ ಹೀಗೆಲ್ಲ ಹೇಳಬಾರದು ಎಂದು ರಾಯರಿಗೆ ಯಾರಾದರೂ ಹೇಳಲೇಬೇಕು. ಯಾರು ಹೇಳುವುದು ಎಂಬುದನ್ನು ತೀರ್ಮಾನಿಸಲು ಬರುವ ಭಾನುವಾರ ಸಂಘದ ತುರ್ತು ಸಭೆ ಕರೆಯಲಾಗಿದೆ. ಅಧ್ಯಕ್ಷತೆ ರಾಯರದೇ.