ಬುದ್ಧಿ ಎಂಟೇ ಸಾಕು

ಪಕ್ಕದ ಮನೆಯ ಮೇಷ್ಟ್ರು ಬೆಳಿಗ್ಗೆ ಹಾಲನ್ನು ಒಲೆ ಮೇಲಿಟ್ಟು, ಅದು ಉಕ್ಕುವಷ್ಟರಲ್ಲಿ ಒಂದು ಸುತ್ತು ಹರಟೆ ಹೊಡೆಯಲು ಕಾಂಪೌಂಡಿಗೆ ಬರುತ್ತಾರೆ. ಈ ಭಾನುವಾರ ಅವರ ಮುಖದಲ್ಲಿ ಕಳವಳ ಇತ್ತು.

"ಏನಪ್ಪಾ, ರಾತ್ರಿ ನಿಮ್ಮ ಟೆರೇಸಲ್ಲಿ ಯಾರೋ 'ನಂಗೆ ಬುದ್ಧಿ ಎಂಟೇ ಸಾಕು' ಅಂತ ಕೂಗ್ತಿದ್ರಲ್ಲ, ಯಾರದು?"

"ನಾನೇ ಸಾರ್."

ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರಾದವರು. ಇಷ್ಟೇ ಅಂಕ ಸಾಕು ಎಂದವನನ್ನು ಅವರು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಬಿಡಿಸಿ ಹೇಳದೆ ವಿಧಿಯಿರಲಿಲ್ಲ.

ಶನಿವಾರ ರಾತ್ರಿ ನಾವು ಐದು ಜನ ಸೇರಿ ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನಸನ್ ಎಂಬಿಬ್ಬರು ಹೊರತಂದ ಆಟ. ಒಬ್ಬ ಕಥೆ ನಡೆಸುತ್ತಾನೆ, ಮಿಕ್ಕವರು ಅದರೊಳಗಿನ ಪಾತ್ರಗಳು. ಪಾತ್ರಕ್ಕೆ ಆರು ಗುಣ: ಬಲ, ಚುರುಕು, ತ್ರಾಣ, ಬುದ್ಧಿ, ವಿವೇಕ, ವರ್ಚಸ್ಸು. ಹಂಚಿಕೊಳ್ಳಲು 15, 14, 13, 12, 10, 8 ಎಂಬ ಆರು ಅಂಕ. ಆ ಕೊನೆಯ ಎಂಟು ಹೆಚ್ಚಾಗಿ ಬಂದು ಬೀಳುವುದು ಬುದ್ಧಿಯ ತಲೆ ಮೇಲೇ. ಇದಕ್ಕೆ ಆಟಗಾರರು 'ಡಂಪ್ ಸ್ಟ್ಯಾಟ್' ಎನ್ನುತ್ತಾರೆ. ತಿಪ್ಪೆ ಅಂದುಕೊಳ್ಳಿ.

"ಬುದ್ಧಿ ಬೇರೆ, ವಿವೇಕ ಬೇರೆಯೇನೋ?"

ಪುಸ್ತಕದಲ್ಲಿ ಬೇರೆ. ನಮ್ಮಲ್ಲೋ ಬುದ್ಧಿ ಎಂಬ ಒಂದೇ ಮಾತು ಎಲ್ಲ ಕೆಲಸ ಮಾಡುತ್ತದೆ. ಹಿರಿಯರು ಹೇಳುವುದೂ ಬುದ್ಧಿ, ನಾವು ತೋರಿಸುವ ನಾಯಿಬುದ್ಧಿಯೂ ಬುದ್ಧಿ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಠದ ಸ್ವಾಮಿಗಳನ್ನೂ 'ಬುದ್ಧೀ' ಎಂದೇ ಕರೆಯುತ್ತಾರೆ. ಆಟದಲ್ಲಿ ಮಾತ್ರ ಅದು ಬರೀ ಓದಿನ ಗಂಟು. ಚುರುಕಿದ್ದವನಿಗೆ ಏಟು ತಪ್ಪುತ್ತದೆ, ಬಾಣ ಗುರಿ ಮುಟ್ಟುತ್ತದೆ. ತ್ರಾಣವಿದ್ದವನು ಬೇಗ ಸಾಯುವುದಿಲ್ಲ. ವಿವೇಕಿಗೆ ಹೊಂಚು ಹಾಕಿದವನು ಕಾಣುತ್ತಾನೆ, ಸುಳ್ಳು ಗೊತ್ತಾಗುತ್ತದೆ. ಬುದ್ಧಿವಂತನಿಗೆ? ಪಾಳುಬಿದ್ದ ಗುಡಿ ಕಟ್ಟಿಸಿದ ರಾಜ ಯಾರೆಂದು ನೆನಪಾಗುತ್ತದೆ. ಆ ಗುಡಿಯ ಮೇಲಿಂದ ಕಲ್ಲು ಬೀಳುವಾಗ ರಾಜನ ಹೆಸರು ಕಟ್ಟಿಕೊಂಡು ಏನು ಮಾಡೋಣ? ಮಂತ್ರ ಓದಿಯೇ ಹೊಟ್ಟೆ ಹೊರೆಯುವ ವಿಜರ್ಡಿನಂಥವರಿಗೆ ಬಿಟ್ಟರೆ ಅದು ಯಾರಿಗೂ ಬೇಡ.

ಮೊದಲು ಇಷ್ಟು ಅಗ್ಗವಾಗಿರಲಿಲ್ಲ. 1974ರ ಪುಸ್ತಕದಲ್ಲಿ ಬುದ್ಧಿ ಹತ್ತು ದಾಟಿದರೆ ಒಂದೊಂದು ಅಂಕಕ್ಕೂ ಒಂದೊಂದು ಹೆಚ್ಚಿನ ಭಾಷೆ ಬರುತ್ತಿತ್ತು. 2000ದ ಆವೃತ್ತಿಯಲ್ಲಿ ಬುದ್ಧಿ ಹೆಚ್ಚಿದ್ದವನು ಕಲಿಯುವ ವಿದ್ಯೆಯೂ ಹೆಚ್ಚು. ನಾವಾಡುವ 2014ರ ಪುಸ್ತಕದಲ್ಲಿ ಎರಡಕ್ಕೂ ಕತ್ತರಿ.

ನನ್ನನ್ನು ಕೇಳಿದರೆ ರೋಗದ ಬೇರು ಬೇರೆ ಕಡೆ ಇದೆ. ಆಟದಲ್ಲಿ ಬಾಗಿಲು ಒಡೆಯಬೇಕಾದರೆ ಯಾರೂ ನನಗೆ "ಎಲ್ಲಿ, ಈ ಮೇಜು ಎತ್ತು ನೋಡೋಣ" ಅನ್ನುವುದಿಲ್ಲ; ದಾಳ ಉರುಳಿಸಿದರೆ ಮುಗಿಯಿತು. ಒಗಟು ಬಂತೆನ್ನಿ, ಆಗ ಎಲ್ಲರೂ ಸ್ವಂತ ತಲೆ ಕೆರೆದುಕೊಳ್ಳುತ್ತೇವೆ! ನನ್ನ ಪಾತ್ರ ಕೊಡಲಿ ಹಿಡಿದ ಕಾಡುಮನುಷ್ಯ, ಬುದ್ಧಿ ಎಂಟು. ಕಳೆದ ತಿಂಗಳು ಒಗಟು ಬಿಡಿಸಿದ್ದು ಅವನೇ. ಹದಿನೇಳು ಬುದ್ಧಿಯ ವಿಜರ್ಡ್ ಆ ಹೊತ್ತಿಗೆ ಬೋಂಡಾಕ್ಕೆ ಚಟ್ನಿ ಹುಡುಕುತ್ತಿದ್ದ. ಬುದ್ಧಿ ಕಮ್ಮಿಯವರು ಒಗಟಿಗೆ ಬಾಯಿ ಹಾಕಬಾರದು ಅಂತ ಒಂದು ಸಲ ಕಟ್ಟಳೆ ಮಾಡಿ ನೋಡಿದೆವು. ಅರ್ಧ ಗಂಟೆ ಬಾಳಿತು. ಪುಕ್ಕಟೆ ಬುದ್ಧಿ ತಲೆಯಲ್ಲಿರುವಾಗ ಕಾಗದದ ಮೇಲಿನದಕ್ಕೆ ಯಾರು ಅಂಕ ಸುರಿಯುತ್ತಾರೆ?

"ಸರಿ, ಕೂಗಿದ ಮೇಲೆ ಸದ್ದೇ ಇರಲಿಲ್ಲವಲ್ಲ?"

"ಮಿದುಳು ತಿಂದುಬಿಡ್ತು ಸಾರ್."

ಇಂಟೆಲೆಕ್ಟ್ ಡಿವೌರರ್ ಅಂತ ಒಂದು ಪ್ರಾಣಿ. ನೋಡಲು ಬರೀ ಮಿದುಳು, ಕೆಳಗೆ ನಾಲ್ಕು ಕಾಲು. ಹತ್ತು ಅಡಿಯೊಳಗಿರುವ, ಮಿದುಳಿರುವ ಯಾರ ಮೇಲೆ ಬೇಕಾದರೂ ಬೀಳಬಹುದು.

"ಮಿದುಳಿರುವ ಅಂತ ಪುಸ್ತಕದಲ್ಲೇ ಇದೆಯೋ?"

"ಇದೆ ಸಾರ್."

"ಹಾಗಾದ್ರೆ ನಮ್ಮ ಹೆಡ್‌ಮಾಸ್ಟರು ಬಚಾವ್."

ತಪ್ಪಿಸಿಕೊಳ್ಳಲು ಇಪ್ಪತ್ತು ಮುಖದ ದಾಳದ ಒಂದು ಅವಕಾಶ ಉಂಟು. ನನಗೆ ನಾಲ್ಕು ಬಿತ್ತು. ಆಮೇಲೆ ಆರು ಮುಖದ ಮೂರು ದಾಳ ಉರುಳಿಸುತ್ತಾರೆ, ಮೊತ್ತ ನಮ್ಮ ಬುದ್ಧಿಯಷ್ಟು ಅಥವಾ ಹೆಚ್ಚು ಬಂದರೆ ಬುದ್ಧಿ ಸೊನ್ನೆ. ಹನ್ನೊಂದು ಬಂತು. ಕಾಡುಮನುಷ್ಯ ಕೊಡಲಿ ಹಿಡಿದಂತೆಯೇ ಕಂಬವಾದ. ನಾನು ಉಳಿದ ಹೊತ್ತು ಕಡಲೆಕಾಯಿ ಸುಲಿಯುತ್ತ ಕೂತೆ.

ಮೇಷ್ಟ್ರ ಕಣ್ಣು ಅರಳಿತು. ಕಾಂಪೌಂಡಿನ ಪಾಚಿಯ ಮೇಲೆ ಬೆರಳಲ್ಲಿ ಗೀಚತೊಡಗಿದರು. "ಒಟ್ಟು 216. ಏಳು ಮತ್ತು ಅದಕ್ಕಿಂತ ಕಮ್ಮಿ ಬೀಳೋದು ಒಂದು, ಮೂರು, ಆರು, ಹತ್ತು, ಹದಿನೈದು... 35 ಸಲ. ಉಳಿದ 181 ಸಲವೂ ನಿನ್ನ ಕಥೆ ಮುಗೀತು. ನೂರಕ್ಕೆ ಸುಮಾರು 84! ಅದೇ ಹದಿನೈದು ಇಟ್ಟುಕೊಂಡಿದ್ದಿದ್ರೆ ಬರೀ 20 ಸಲ ಕಣೋ! ಲೆಕ್ಕ ಹಾಕದೆ ಎಂಟು ಅಂದ್ಯಾ?"

ಕಾಗದವಿಲ್ಲ, ಪೆನ್ನಿಲ್ಲ, ಅರ್ಧ ನಿಮಿಷ. ಪುಸ್ತಕದ ಪ್ರಕಾರ ಈ ಮನುಷ್ಯನಿಗೆ ಬುದ್ಧಿ ಹದಿನೆಂಟು ಕೊಡಬೇಕು. ಅವರು ಈಗ ಹದಿಮೂರಿಟ್ಟುಕೊಂಡರೆ ಎಷ್ಟು ಎಂದು ಶುರುಮಾಡಿದ್ದರು. ನನಗೆ ಅವರ ಅಡುಗೆಮನೆ ಕಡೆಯಿಂದ ವಾಸನೆ ಬಂತು.

"ಸಾರ್, ಹಾಲು..."

"ತಾಳೋ, ಹದಿನಾಲ್ಕೂ ನೋಡಿಬಿಡೋಣ."