ಆಟ ಆರಿಸುವ ಅಪ್ಪ

ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ಮಕ್ಕಳ ಡೈರಿಯಲ್ಲಿ ಒಂದು ಚೀಟಿ ಬರುತ್ತದೆ: ‘ಈ ವರ್ಷ ನಿಮ್ಮ ಮಗು ಸೇರುವ ಆಟ ಯಾವುದು? ಒಂದಕ್ಕೆ ಮಾತ್ರ ಗುರುತು ಹಾಕಿ.’ ಬೇರೆ ಅಪ್ಪಂದಿರು ಸ್ಕೂಟರ್ ಸೀಟಿನ ಮೇಲಿಟ್ಟುಕೊಂಡೇ ಟಿಕ್ ಹಾಕಿ ಕಳಿಸುತ್ತಾರೆ. ಒಬ್ಬರು ಮಾತ್ರ ಕನ್ನಡಕ ಒರೆಸಿಕೊಂಡು ಅದನ್ನು ಮತ್ತೆ ಮತ್ತೆ ಓದುತ್ತಾರೆ. ಬಡಾವಣೆಗೊಬ್ಬರಂತೆ ಇಂಥವರು ಇದ್ದೇ ಇರುತ್ತಾರೆ. ಸದ್ಯಕ್ಕೆ ಅವರನ್ನು ಆಯ್ಕೆರಾಯರು ಎನ್ನೋಣ.

ರಾಯರ ಮಗ ಎಂಟನೇ ಕ್ಲಾಸು. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗಿ ಬಂದವನಿಗೆ ಯೂನಿಫಾರಂ ಪ್ಯಾಂಟಿನ ಗುಂಡಿ ಕೂಡಲಿಲ್ಲ. “ಈ ವರ್ಷ ಇವನ ಬೊಜ್ಜು ಕರಗಿಸಲೇಬೇಕು” ಎಂದು ರಾಯರು ಸೋಫಾದಲ್ಲಿ ಒರಗಿಕೊಂಡೇ ಘೋಷಿಸಿದರು. ಹಾಗೆ ಒರಗಿದಾಗ ಕಾಫಿ ಲೋಟ ಇಟ್ಟುಕೊಳ್ಳಲು ಅವರಿಗೆ ಟೀಪಾಯಿ ಬೇಕಾಗುವುದಿಲ್ಲ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಓಡಾಡಬೇಕು, ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾಯರಿಗೆ ಇದು ಬಾಯಿಪಾಠ. ಆ 60 ನಿಮಿಷವನ್ನು ಯಾವ ಆಟಕ್ಕೆ ಹಾಕಬೇಕು ಎಂದು ಯೋಚಿಸುವುದಕ್ಕೇ ಅವರಿಗೆ ದಿನಾ ಎರಡು ಗಂಟೆ ಸಾಲದು. ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟ್ ತೆರೆದು ಕಾಲಂ ಹಾಕಿಟ್ಟಿದ್ದಾರೆ: ತೂಕ ಇಳಿಯುತ್ತಾ? ಎತ್ತರ ಬೆಳೆಯುತ್ತಾನಾ? ಬಿಸಿಲಲ್ಲಿ ಕಪ್ಪಾಗುತ್ತಾನಾ? ಸಿಇಟಿಯಲ್ಲಿ ಸ್ಪೋರ್ಟ್ಸ್ ಕೋಟಾಕ್ಕೆ ಬರುತ್ತಾ? ಕೊನೆಯ ಕಾಲಂ ಕೆಂಪು ಬಣ್ಣದ್ದು.

“ರೀ, ಅವನಿಗೆ ಯಾವ ಆಟ ಇಷ್ಟ ಅಂತ ಒಂದು ಮಾತು ಕೇಳಬಾರದಾ?” ಎಂದರು ಮನೆಯಾಕೆ.

“ಅದಕ್ಕೆ ಕಾಲಂ ಹಾಕಿಲ್ಲ ಕಣೇ.”

ಆದರೂ ಕೇಳಿದರು. “ಚೆಸ್ ಅಪ್ಪಾ” ಎಂದ ಮಗ. ರಾಯರು ರೇಗುವ ಮೊದಲೇ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 1999ರಲ್ಲೇ ಚೆಸ್ಸಿಗೆ ಮಾನ್ಯತೆ ಕೊಟ್ಟಿದೆಯೆಂದು ಮೊಬೈಲಿನಲ್ಲಿ ತೋರಿಸಿದ. ಮಾಹಿತಿ ಕಲೆಹಾಕುವ ಗುಣ ಆ ಮನೆಯಲ್ಲಿ ವಂಶಪಾರಂಪರ್ಯ.

ರಾಯರು ಮಗನಿಗೆ ಆಟ ಆರಿಸುತ್ತಿರುವುದು ಇದೇ ಮೊದಲೇನಲ್ಲ. ಆರನೇ ಕ್ಲಾಸಿನಲ್ಲಿ ಕ್ರಿಕೆಟ್ ಆಗಿತ್ತು. ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಆಡಿ ಬೆಳೆದ ನಾಡಿನಲ್ಲಿ ಬೇರೆ ಯೋಚನೆ ಮೊದಲು ಬರುವುದಾದರೂ ಹೇಗೆ? ಪ್ಯಾಡು, ಗ್ಲೌಸು, ಹೆಲ್ಮೆಟ್ಟು, ಇವೆಲ್ಲ ತುಂಬುವ ಉದ್ದನೆಯ ಕಿಟ್ ಬ್ಯಾಗು ಬಂದವು. ಬ್ಯಾಗನ್ನು ಗೇಟಿನಿಂದ ಪಿಚ್‌ವರೆಗೆ ರಾಯರೇ ಹೊರುತ್ತಿದ್ದರು. ಹಾಗಾಗಿ ಆ ವ್ಯಾಯಾಮವೂ ಹುಡುಗನಿಗೆ ದಕ್ಕಲಿಲ್ಲ. ತಂಡದಲ್ಲಿ ಅವನ ಜಾಗ ಫೈನ್ ಲೆಗ್, ಬೇವಿನ ಮರದ ನೆರಳು. ಬ್ಯಾಟಿಂಗ್‌ನಲ್ಲಿ ಹನ್ನೊಂದನೆಯವನು, ಸರದಿ ಬರುವಷ್ಟರಲ್ಲಿ ಓವರುಗಳೇ ಮುಗಿದಿರುತ್ತಿದ್ದವು. ಮ್ಯಾಚ್ ಆದ ಮೇಲೆ ಬೇಕರಿಯ ವೆಜ್ ಪಫ್ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಏಳನೇ ಕ್ಲಾಸಿಗೆ ಬ್ಯಾಡ್ಮಿಂಟನ್. ಪ್ರಕಾಶ್ ಪಡುಕೋಣೆ ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲಿನಲ್ಲಿ ಆಡಿ ಬೆಳೆದವರು, ಮದುವೆ ಇದ್ದ ದಿನ ಅಲ್ಲಿ ಆಟವಿಲ್ಲ, ಅಂಥವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು ಬಂದರು. ಈ ಕಥೆಯನ್ನು ರಾಯರು ಯಾವ ಮದುವೆಗೆ ಹೋದರೂ ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳುತ್ತಾರೆ, ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ. ಅತ್ತ ಮಗ ಡಬಲ್ಸ್‌ನಲ್ಲಿ ತನ್ನದೇ ಶೈಲಿ ಕಂಡುಕೊಂಡಿದ್ದ. ನೆಟ್ ಹತ್ತಿರ ಕಾಲೂರಿ ನಿಂತು, ಶಟಲ್ ಎತ್ತ ಬಂದರೂ “ನಿಂದು! ನಿಂದು!” ಎಂದು ಕೂಗುವುದು. ಜೊತೆಗಾರ ಹುಡುಗ ಎರಡೇ ತಿಂಗಳಲ್ಲಿ ಕಡ್ಡಿಯಾದ. ಹದಿನಾರು ಗರಿಯ, ಐದು ಗ್ರಾಂ ಆಸುಪಾಸಿನ ಶಟಲ್ಲುಗಳನ್ನು ಡಬ್ಬಿಗಟ್ಟಲೆ ತಂದು ರಾಯರ ಪರ್ಸೂ ಸಾಕಷ್ಟು ಇಳಿಯಿತು.

ಈ ವರ್ಷ ಶೀಟಿನಲ್ಲಿ ಗೆದ್ದದ್ದು ಕಬಡ್ಡಿ. ಟಿವಿಯಲ್ಲಿ ಬೆಂಗಳೂರು ಬುಲ್ಸ್ ನೋಡಿದವರಿಗೆ ಅದರ ಬೆವರು ಗೊತ್ತು. ರೇಡಿಗೆ ಮೂವತ್ತೇ ಸೆಕೆಂಡು. ಅಷ್ಟರಲ್ಲಿ ಮುಟ್ಟಬೇಕು, ಬಿಡಿಸಿಕೊಳ್ಳಬೇಕು, ಗೆರೆ ದಾಟಿ ವಾಪಸ್ ಬರಬೇಕು. ಚೀಟಿ ಹಿಡಿದು ರಾಯರು ಖುದ್ದು ಪಿ.ಟಿ. ಮೇಷ್ಟ್ರ ಹತ್ತಿರ ಹೋದರು.

ಮೇಷ್ಟ್ರು ಹುಡುಗನನ್ನು ಮೇಲಿಂದ ಕೆಳಗೆ ನೋಡಿ, “ಕಬಡ್ಡಿಗೆ ವಯಸ್ಸಿನ ಥರ ತೂಕಕ್ಕೂ ಲಿಮಿಟ್ ಇದೆ ಸಾರ್. ರಾಷ್ಟ್ರೀಯ ಸಬ್‌ಜೂನಿಯರ್‌ಗೆ 55 ಕೆ.ಜಿ. ಇವನು ಸ್ವಲ್ಪ ಇಳಿಸಿಕೊಂಡು ಬರಲಿ, ತಗೊಳ್ಳೋಣ” ಎಂದರು.

“ಇಳಿಸೋದಕ್ಕೇ ಅಲ್ವಾ ಸಾರ್ ಸೇರಿಸ್ತಿರೋದು?”

ಇದಕ್ಕೆ ಮೇಷ್ಟ್ರ ಹತ್ತಿರ ಉತ್ತರವಿರಲಿಲ್ಲ. ಆದರೆ ಖೊಖೊ ತಂಡಕ್ಕೆ ಒಬ್ಬ ಹುಡುಗ ಕಡಿಮೆ ಇದ್ದ. ವಲಯ ಮಟ್ಟದ ಪಂದ್ಯ ಹತ್ತಿರ ಬರುತ್ತಿತ್ತು. ರಾಯರು ಮನೆಗೆ ಹೋಗಿ ಶೀಟ್ ನೋಡುವಷ್ಟರಲ್ಲಿ ಮಗನ ಹೆಸರು ಪಟ್ಟಿ ಸೇರಿತ್ತು.

ಮರುದಿನ ಬೆಳಗ್ಗೆ ಅವರು ಕಾಂಪೌಂಡ್ ಪಕ್ಕ ನಿಂತು ನೋಡಿದರು. ಶಾಲೆಗೊಂದು ಆಟದ ಮೈದಾನ ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಈ ಶಾಲೆಗೂ ಇದೆ, ಆದರೆ ಒಂಬತ್ತು ಗಂಟೆಯಾಯಿತೆಂದರೆ ಅಲ್ಲಿ ಶಾಲೆಯ ವ್ಯಾನುಗಳು ನಿಲ್ಲುತ್ತವೆ. ಅದಕ್ಕೂ ಮೊದಲು ಮೇಷ್ಟ್ರು ಸುಣ್ಣದಲ್ಲಿ ಗೆರೆ ಎಳೆದು ಎಂಟು ಹುಡುಗರನ್ನು ಸಾಲಾಗಿ ಕೂರಿಸಿದ್ದರು, ಒಬ್ಬ ಆ ಕಡೆ ಮುಖ, ಇನ್ನೊಬ್ಬ ಈ ಕಡೆ ಮುಖ. ಸಾಲಿನಲ್ಲಿ ಮಗನೂ ಇದ್ದ. “ಇದೇನ್ ಸಾರ್, ಕೂತ್ಕೊಳ್ಳೋ ಆಟಾನಾ?” ಎಂದು ರಾಯರು ಗಾಬರಿಯಾದರು. ಅಷ್ಟರಲ್ಲಿ ಬೆನ್ನಿಗೆ ಪಟ್ಟನೆ ಏಟು ಬಿದ್ದು ‘ಖೋ’ ಎಂದಿತು. ಹುಡುಗ ಎದ್ದು ಓಡಲೇಬೇಕಾಯಿತು.

ಖೊಖೊದಲ್ಲಿ ಫೈನ್ ಲೆಗ್ ಇಲ್ಲ. ‘ನಿಂದು’ ಎನ್ನಲು ಜೊತೆಗಾರನಿಲ್ಲ. ಅಟ್ಟಿಸುವವನು ಹೊರಟ ದಿಕ್ಕಿನಿಂದ ಹಿಂದೆ ತಿರುಗುವಂತಿಲ್ಲ, ಕೂತವರ ನಡುವೆ ನುಗ್ಗುವಂತಿಲ್ಲ. ಆಚೆ ಬದಿಗೆ ಹೋಗಬೇಕಾದರೆ ಕಂಬ ಸುತ್ತಿ ಬರಬೇಕು, ಇಲ್ಲವೇ ಇನ್ನೊಬ್ಬನಿಗೆ ಖೋ ಕೊಟ್ಟು ಅವನ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಎರಡು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಬೆನ್ನಿಗೆ ಏಟು. ಮೊದಲ ವಾರ ಹುಡುಗ ಮನೆಯ ಮೆಟ್ಟಿಲನ್ನು ಕೈಯೂರಿ ಹತ್ತಿದ. ಆಮೇಲೆ ಬೆಳಗ್ಗೆ ತಾನೇ ಅಲಾರಂ ಇಟ್ಟುಕೊಂಡ. ಗೌರಿ ಹಬ್ಬದ ಹೊತ್ತಿಗೆ ಪ್ಯಾಂಟಿನ ಗುಂಡಿ ಯಾರ ಸಹಾಯವೂ ಇಲ್ಲದೆ ಕೂಡಿತು.

ಸಂತೋಷಪಡಬೇಕಾದ ರಾಯರು ಮಂಕಾದರು. ಆಟ ಅವರು ಆರಿಸಿದ್ದಲ್ಲ, ಶೀಟಿನಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ. ರಾತ್ರೋರಾತ್ರಿ ಸಾಲು ಸೇರಿಸಿದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆದದ್ದು, ಪುರುಷರು, ಮಹಿಳೆಯರು ಇಬ್ಬರ ಕಪ್ಪೂ ಭಾರತಕ್ಕೆ ಬಂದದ್ದು, ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್, ಬಿ. ಚೈತ್ರಾ ಇದ್ದದ್ದು ಎಲ್ಲ ಓದಿಕೊಂಡರು. ಈಗ ಪಂಕ್ತಿಯಲ್ಲಿ ಪಡುಕೋಣೆಯವರ ಕಥೆ ಮುಗಿದ ಮೇಲೆ ಇದು ಶುರುವಾಗುತ್ತದೆ. “ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ, ನಮ್ಮ ಹುಡುಗನಿಗೆ ಖೊಖೊನೇ ಸರಿ” ಎಂಬ ಮಾತು ಸೇರಿ ಹೋಳಿಗೆಯ ಲೆಕ್ಕ ಮೂರಕ್ಕೇರಿದೆ.

ಆದರೂ ಒಂದು ಕೊರಗು ಉಳಿದಿತ್ತು. ಈ ಆಟಕ್ಕೆಂದು ಅವರು ಇನ್ನೂ ಏನೂ ಕೊಡಿಸಿರಲಿಲ್ಲ. ಭಾನುವಾರ ಮಾಮೂಲಿ ಸ್ಪೋರ್ಟ್ಸ್ ಅಂಗಡಿಗೆ ಹೋಗಿ, “ಖೊಖೊಗೆ ಒಳ್ಳೆ ಕಿಟ್ ಯಾವುದಿದೆ?” ಎಂದು ಕೇಳಿದರು.

“ಖೊಖೊಗೆ ಕಿಟ್ ಏನಿರತ್ತೆ ಸಾರ್? ಎರಡು ಕಂಬ. ಅದನ್ನ ಸ್ಕೂಲಿನವರು ನೆಡಿಸ್ತಾರೆ” ಎಂದ ಅಂಗಡಿಯವ.

ರಾಯರು ಪರ್ಸ್ ತೆಗೆದರು. “ಸಾಗುವಾನಿಯಲ್ಲಿ ಸಿಗುತ್ತಾ?”